ಟೋಕನ್ ಕೊಟ್ಟಲ್ಲಿಂದ ರಿಜಿಸ್ಟ್ರೇಷನ್‌ವರೆಗೆ: ಕರ್ನಾಟಕದಲ್ಲಿ ಮನೆ ಕೊಳ್ಳಲು, ಮಾರಲು ಏಜೆಂಟರ ಆಯ್ಕೆ

ಮನೆ ತೋರಿಸುವುದು ಏಜೆಂಟರ ಕೆಲಸದಲ್ಲಿ ಸುಲಭದ ಭಾಗ. ಒಂದೇ ಮಧ್ಯಾಹ್ನ ಆರು ಮನೆ ತೋರಿಸಬಲ್ಲವರು ಎಲ್ಲ ಬಡಾವಣೆಯಲ್ಲೂ ಸಿಗುತ್ತಾರೆ. ಕಷ್ಟ ಶುರುವಾಗುವುದು ಟೋಕನ್, ಅಂದರೆ ಮೊದಲ ಸಣ್ಣ ಮುಂಗಡ, ಕೊಟ್ಟ ಮೇಲೆ. ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಹಳೆಯ ಅಡಮಾನವೊಂದು ಕಾಣಿಸುತ್ತದೆ. ಖಾತೆಯಲ್ಲಿರುವ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) ಅಳತೆಗೂ ಕ್ರಯಪತ್ರದ ಅಳತೆಗೂ ತಾಳೆಯಾಗುವುದಿಲ್ಲ. ಮಾರುವವರ ತಂಗಿ ಊರಿಂದ ಫೋನ್ ಮಾಡಿ ‘ನನ್ನ ಸಹಿ ಇಲ್ಲದೆ ಹೇಗೆ ಮಾರ್ತೀರಿ?’ ಅನ್ನುತ್ತಾರೆ. ಬ್ಯಾಂಕಿನ ವಕೀಲರು ಮತ್ತೊಂದು ಕಾಗದ ಕೇಳುತ್ತಾರೆ. ಟೋಕನ್‌ನಿಂದ ರಿಜಿಸ್ಟ್ರೇಷನ್‌ವರೆಗೆ ಸಾಮಾನ್ಯವಾಗಿ ಹಿಡಿಯುವ 45ರಿಂದ 90 ದಿನಗಳಲ್ಲಿ ಫೋನ್ ಎತ್ತುವವರು, ಕಾಗದ ಹುಡುಕಿ ತರುವವರು, ಎರಡೂ ಕಡೆಯವರನ್ನು ಒಂದು ಮೇಜಿಗೆ ಕೂರಿಸುವವರು ಯಾರೋ ಅವರೇ ಅನುಭವಿ ಏಜೆಂಟರು. ಆ ಗುಣವನ್ನು ಮೊದಲ ಭೇಟಿಯಲ್ಲೇ ಪತ್ತೆಹಚ್ಚಬಹುದು.

ಇಲ್ಲಿ ಹೇಳುತ್ತಿರುವುದು ಒಬ್ಬರು ಈಗಾಗಲೇ ಒಡೆತನದಲ್ಲಿಟ್ಟುಕೊಂಡಿರುವ ಮನೆ ಅಥವಾ ಫ್ಲಾಟನ್ನು ಇನ್ನೊಬ್ಬರು ಕೊಳ್ಳುವ ವ್ಯವಹಾರದ ಬಗ್ಗೆ. ಬಿಲ್ಡರ್‌ರಿಂದ ನೇರವಾಗಿ ಹೊಸ ಫ್ಲಾಟ್ ಕೊಳ್ಳುವ ದಾರಿ ಬೇರೆ, ಅಲ್ಲಿನ ತೊಡಕುಗಳೂ ಬೇರೆ.

ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮತ್ತು ಪ್ರಾಧಿಕಾರ) ವಿಷಯ ಮುಗಿಸಿಬಿಡೋಣ. 2016ರ ರೇರಾ ಕಾಯ್ದೆಯ 9ನೇ ಕಲಂ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಯೋಜನೆಯ ಫ್ಲಾಟನ್ನೋ ಸೈಟನ್ನೋ ಮಾರಿಸುವ ಏಜೆಂಟರು ತಾವೂ ನೋಂದಾಯಿಸಿಕೊಂಡಿರಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಆಸ್ತಿ ಬೆಲೆಯ ಶೇ 5ರವರೆಗೂ ಬೆಳೆಯಬಹುದು. ನೋಂದಣಿ 5 ವರ್ಷಕ್ಕೆ ಊರ್ಜಿತ, ಆಮೇಲೆ ನವೀಕರಿಸಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ವಿಸಿಟಿಂಗ್ ಕಾರ್ಡಿನಲ್ಲಿರುವ ಸಂಖ್ಯೆಯ ನಡುವೆ ‘ಎಜಿ’ ಅಕ್ಷರಗಳಿವೆಯೇ ನೋಡಿ. ‘ಪಿಆರ್’ ಇದ್ದರೆ ಅದು ಯಾವುದೋ ಯೋಜನೆಯ ಸಂಖ್ಯೆ, ಏಜೆಂಟರದಲ್ಲ. ಬಡಾವಣೆಯೊಂದರ ಹಳೇ ಸ್ವತಂತ್ರ ಮನೆಯ ಮರುಮಾರಾಟಕ್ಕೆ ಈ ಕಡ್ಡಾಯ ಅನ್ವಯಿಸುವುದಿಲ್ಲ. ಹಾಗಾಗಿ ಒಳ್ಳೆಯ ಸ್ಥಳೀಯ ಏಜೆಂಟರಲ್ಲೂ ಕೆಲವರಿಗೆ ನೋಂದಣಿ ಇರುವುದಿಲ್ಲ. ಇದ್ದರೆ ಅವರ ಗುರುತು, ವಿಳಾಸ ಒಂದು ಪ್ರಾಧಿಕಾರದ ಕಡತದಲ್ಲಿದೆ ಎಂಬ ಧೈರ್ಯ ನಿಮಗೆ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಆ ಸಂಖ್ಯೆಯ ಮೇಲೆ ಇಡಬೇಡಿ.

ಇನ್ನು ಮೊದಲ ಮಾತುಕತೆ. ‘ಎಷ್ಟು ವರ್ಷದಿಂದ ಈ ಫೀಲ್ಡಲ್ಲಿದ್ದೀರಿ?’ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಎಲ್ಲರೂ ಹದಿನೈದು ವರ್ಷ ಅನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: ಕಳೆದ ಒಂದು ವರ್ಷದಲ್ಲಿ ರಿಜಿಸ್ಟ್ರೇಷನ್ ದಿನ ನೀವೇ ಹೋಗಿ ನಿಂತ ವ್ಯವಹಾರಗಳು ಎಷ್ಟು? ಯಾವ ಸಬ್ ರಿಜಿಸ್ಟ್ರಾರ್ ಆಫೀಸು? ಅವುಗಳಲ್ಲಿ ಎರಡು ಕುಟುಂಬಗಳ ಜೊತೆ, ಅಂದರೆ ಒಬ್ಬ ಮಾರಿದವರು, ಒಬ್ಬ ಕೊಂಡವರ ಜೊತೆ, ಫೋನಿನಲ್ಲಿ ಮಾತಾಡಿಸುತ್ತೀರಾ? ಆಮೇಲೆ ಎಲ್ಲಕ್ಕಿಂತ ಬೆಲೆಯುಳ್ಳ ಪ್ರಶ್ನೆ: ಇತ್ತೀಚೆಗೆ ಮುರಿದುಬಿದ್ದ ವ್ಯವಹಾರ ಯಾವುದು, ಯಾಕೆ ಮುರಿಯಿತು?

ನಿಜವಾಗಿ ಓಡಾಡಿದವರು ಈ ಕೊನೆಯ ಪ್ರಶ್ನೆಗೆ ತಡವರಿಸುವುದಿಲ್ಲ. ‘ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರಲಿಲ್ಲ, ನಾಲ್ಕು ಜನ ವಾರಸುದಾರರಲ್ಲಿ ಒಬ್ಬರು ವಿದೇಶದಲ್ಲಿದ್ದರು, ಜಿಪಿಎ (ಇನ್ನೊಬ್ಬರ ಪರವಾಗಿ ಸಹಿ ಹಾಕಲು ಕೊಡುವ ಅಧಿಕಾರಪತ್ರ) ಬರುವಷ್ಟರಲ್ಲಿ ಕೊಳ್ಳುವವರ ಲೋನ್ ಸ್ಯಾಂಕ್ಷನ್ ಅವಧಿ ಮುಗಿಯಿತು’ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ‘ನಮ್ಮ ಕೈಯಲ್ಲಿ ಒಂದೂ ಮುರಿದಿಲ್ಲ ಸರ್’ ಎನ್ನುವವರು ಹೆಚ್ಚು ವ್ಯವಹಾರ ನೋಡಿಲ್ಲ, ಇಲ್ಲವೇ ನಿಮ್ಮಿಂದಲೂ ಮುಚ್ಚಿಡುತ್ತಾರೆ.

ಆ ಏಜೆಂಟರು ಯಾರ ಪರ ನಿಂತಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ನಮ್ಮಲ್ಲಿ ಒಂದೇ ಏಜೆಂಟರು ಎರಡೂ ಕಡೆಯಿಂದ ಕಮಿಷನ್ ಪಡೆಯುವುದು ವಾಡಿಕೆ. ಅದರಲ್ಲಿ ಮೋಸವೇನಿಲ್ಲ, ಆದರೆ ಬಾಯಿಬಿಟ್ಟು ಹೇಳಿರಬೇಕು. ಅಪಾಯ ಇರುವುದು ಬೇರೆ ಎರಡು ಬಗೆಯಲ್ಲಿ. ಒಂದು ‘ನೆಟ್ ರೇಟ್’. ಮಾರುವವರು ‘ನನ್ನ ಕೈಗೆ ಇಷ್ಟು ಬಂದರೆ ಸಾಕು, ಮೇಲಿನದ್ದು ನಿಮ್ಮದು’ ಅಂದಿರುತ್ತಾರೆ. ಆಗ ಏಜೆಂಟರ ಲಾಭವೆಲ್ಲ ಆ ‘ಮೇಲಿನ’ ಮೊತ್ತದಲ್ಲಿರುತ್ತದೆ. ಅವರು ಕೊಳ್ಳುವವರನ್ನೂ ಮಾರುವವರನ್ನೂ ಕೊನೆಯವರೆಗೆ ಮುಖಾಮುಖಿ ಮಾಡಿಸುವುದಿಲ್ಲ, ಮೇಲಿನ ಹಣವನ್ನು ನಗದಾಗಿ ಕೇಳುತ್ತಾರೆ. ಬೆಲೆಯ ಮಾತು ಮುಗಿಯುವ ಮೊದಲು ಮಾಲೀಕರನ್ನು ಭೇಟಿ ಮಾಡಿಸಲು ಒಪ್ಪದ ಕಡೆ ಮುಂದುವರಿಯಬೇಡಿ.

ಎರಡನೆಯದು ಅಗ್ರಿಮೆಂಟ್ ಹೋಲ್ಡರ್. ಏಜೆಂಟರು ಅಥವಾ ಅವರಿಗೆ ಬೇಕಾದವರು ಮಾಲೀಕರ ಜೊತೆ ಕ್ರಯದ ಕರಾರು ಮಾಡಿಕೊಂಡು, ಸ್ವಲ್ಪ ಮುಂಗಡ ಕೊಟ್ಟು, ಆ ಅವಧಿಯೊಳಗೆ ಹೆಚ್ಚಿನ ಬೆಲೆಗೆ ಬೇರೆಯವರಿಗೆ ದಾಟಿಸಲು ನೋಡುತ್ತಿರುತ್ತಾರೆ. ಕರಾರು ರಿಜಿಸ್ಟರ್ ಆಗಿಲ್ಲದಿದ್ದರೆ ಇಸಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಅವಧಿ ಮುಗಿದರೆ ಮಾಲೀಕರು ಕೈ ಎತ್ತುತ್ತಾರೆ, ಸಿಕ್ಕಿಕೊಳ್ಳುವುದು ನಿಮ್ಮ ಮುಂಗಡ. ‘ಈ ಆಸ್ತಿಗೆ ಈಗಾಗಲೇ ಯಾರಿಂದಲಾದರೂ ಅಡ್ವಾನ್ಸ್ ತೆಗೆದುಕೊಂಡಿದ್ದೀರಾ?’ ಎಂದು ಮಾಲೀಕರನ್ನೇ ನೇರವಾಗಿ, ಏಜೆಂಟರ ಎದುರಿಗೇ ಕೇಳಿ. ಉತ್ತರಕ್ಕಿಂತ ಮೊದಲು ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರೆ ಅಲ್ಲೇ ನಿಲ್ಲಿಸಿ ಪೂರ್ತಿ ವಿವರ ಕೇಳಿ.

ಈಗ ಕಾಗದದ ಪರೀಕ್ಷೆ. ಏಜೆಂಟರ ನಿಜವಾದ ಕಸುಬು ಕಾಣುವುದು ಇಲ್ಲೇ. ಮನೆ ಇಷ್ಟವಾಯಿತು ಎಂದ ಕೂಡಲೇ ಕಾಗದಗಳ ಜೆರಾಕ್ಸ್ ಸೆಟ್ ಕೇಳಿ. ಮಾಲೀಕರ ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳ ಸರಣಿ, ಇಸಿ, ಇ-ಖಾತೆ, ಈ ವರ್ಷದವರೆಗಿನ ತೆರಿಗೆ ರಸೀದಿ, ಕಟ್ಟಡದ ಅನುಮೋದಿತ ನಕ್ಷೆ, ಫ್ಲಾಟ್ ಆದರೆ ಸ್ವಾಧೀನ ಪ್ರಮಾಣಪತ್ರ ಮತ್ತು ಸಂಘದ ಬಾಕಿ ಇಲ್ಲವೆಂಬ ಪತ್ರ. ಅನುಭವಿ ಏಜೆಂಟರ ಬಳಿ ಈ ಸೆಟ್ ಮೊದಲೇ ಸಿದ್ಧವಿರುತ್ತದೆ, ಯಾಕೆಂದರೆ ಮನೆಯನ್ನು ಪಟ್ಟಿಗೆ ಸೇರಿಸಿಕೊಳ್ಳುವ ದಿನವೇ ಅವರು ಅದನ್ನು ತೆಗೆದುಕೊಂಡಿರುತ್ತಾರೆ. ‘ಟೋಕನ್ ಕೊಡಿ, ಆಮೇಲೆ ಪೇಪರ್ ಕೊಡಿಸ್ತೀನಿ’ ಎಂಬ ಮಾತು ಬಂದರೆ ಏಜೆಂಟರೂ ಆ ಕಾಗದ ನೋಡಿಲ್ಲ ಎಂದೇ ತಿಳಿಯಿರಿ.

ಇಸಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಆದರೆ ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗಿನ ವಿವರ. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ ಕೈಬರಹದ ದಾಖಲೆ ಹುಡುಕಿಸಬೇಕು. 30 ವರ್ಷದ ಇಸಿ ಬೇಕು ಎಂದಾಗ ಏಜೆಂಟರು ಎರಡು ಭಾಗವಾಗಿ ತಂದುಕೊಟ್ಟರೆ ಅವರಿಗೆ ಕೆಲಸ ಗೊತ್ತಿದೆ ಎಂದರ್ಥ.

ಆ ಇಸಿಯನ್ನು ಏಜೆಂಟರ ಜೊತೆ ಕೂತು ಓದಿ. ಅವರ ಬೆರಳು ಎಲ್ಲಿ ಹೋಗುತ್ತದೆ ನೋಡಿ. ಕೆಲಸ ಬಲ್ಲವರು ಮೊದಲು ಆಸ್ತಿ ವಿವರದ ಕಾಲಂಗೆ ಹೋಗಿ ಅಳತೆಯನ್ನೂ ನಾಲ್ಕು ಕಡೆಯ ಚಕ್ಕುಬಂದಿಯನ್ನೂ ಕ್ರಯಪತ್ರದ ಷೆಡ್ಯೂಲಿಗೆ ಹೋಲಿಸುತ್ತಾರೆ. ಪೂರ್ವಕ್ಕೆ ರಸ್ತೆ ಎಂದಿರುವುದು ಒಂದು ಪತ್ರದಲ್ಲಿ ಪಶ್ಚಿಮಕ್ಕೆ ರಸ್ತೆ ಎಂದಾಗಿರುವುದು ಅಪರೂಪವಲ್ಲ. ಇದು ಸಣ್ಣ ತಪ್ಪಿನಂತೆ ಕಂಡರೂ, ಸರಿಪಡಿಸಲು ತಿದ್ದುಪಡಿ ಪತ್ರ ಬೇಕು, ಅದಕ್ಕೆ ಹಿಂದೆ ಆ ಕ್ರಯಪತ್ರ ಬರೆದುಕೊಟ್ಟವರೇ ಬಂದು ಸಹಿ ಹಾಕಬೇಕು. ಇಪ್ಪತ್ತು ವರ್ಷದ ಹಿಂದೆ ಮಾರಿದವರು ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ಹುಡುಕಿಕೊಂಡು ಹೋಗಬೇಕು. ಎಷ್ಟೋ ವ್ಯವಹಾರ ತಿಂಗಳುಗಟ್ಟಲೆ ನಿಲ್ಲುವುದು ಇಂಥ ಒಂದು ಪದಕ್ಕಾಗಿ.

ಆಮೇಲೆ ಅವರ ಬೆರಳು ಅಡಮಾನದ ಸಾಲುಗಳಿಗೆ ಹೋಗಬೇಕು. ಬ್ಯಾಂಕಿನ ಹೆಸರಿನಲ್ಲಿ ಅಡಮಾನ ಇದ್ದರೆ ಅದಕ್ಕೆ ಜೋಡಿಯಾಗಿ ಬಿಡುಗಡೆಯ ಸಾಲೂ ಇರಬೇಕು. ಸಾಲ ತೀರಿಸಿ, ಮೂಲಪತ್ರ ವಾಪಸ್ ಪಡೆದು, ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸುವುದನ್ನು ಮರೆತ ಮಾಲೀಕರು ಬಹಳ ಮಂದಿ. ಮಾರಲು ಹೊರಟವರೇ ಇದನ್ನು ಮೊದಲು ಮುಗಿಸಿಕೊಂಡರೆ ಒಂದೆರಡು ವಾರ ಉಳಿಯುತ್ತದೆ.

ಇಸಿಯಲ್ಲಿ ಕಾಣದ್ದೂ ಇದೆ. ರಿಜಿಸ್ಟರ್ ಆಗದ ಪಾಲುಪಟ್ಟಿ, ರಿಜಿಸ್ಟರ್ ಆಗದ ಕರಾರು, ಎಷ್ಟೋ ಕೋರ್ಟ್ ದಾವೆಗಳು ಅಲ್ಲಿ ಕಾಣುವುದಿಲ್ಲ. ಮೂಲಪತ್ರ ಒತ್ತೆಯಿಟ್ಟು ಪಡೆದ ಸಾಲ ಕಾಣದೇ ಹೋಗಬಹುದು. ಅದಕ್ಕೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಯಾರು ಬೇಕಾದರೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ‘ಇಸಿ ಕ್ಲಿಯರ್ ಇದೆ ಅಂದ್ರೆ ಎಲ್ಲಾ ಕ್ಲಿಯರ್’ ಎನ್ನುವ ಏಜೆಂಟರಿಗೆ ಇದು ತಿಳಿದಿಲ್ಲ.

ಮನೆ ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ಕೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ‘ಅಕ್ಕಂಗೆ ಮದುವೆಲೇ ಎಲ್ಲಾ ಕೊಟ್ಟಾಗಿದೆ’ ಎಂಬ ಮಾತು ಕ್ರಯಪತ್ರದಲ್ಲಿ ಅವರ ಸಹಿಯ ಬದಲಿಗೆ ನಿಲ್ಲುವುದಿಲ್ಲ. ಬಲ್ಲ ಏಜೆಂಟರು ಮನೆ ತೋರಿಸುವ ಮೊದಲೇ ‘ಎಷ್ಟು ಜನ ಸಹಿ ಹಾಕಬೇಕು, ಎಲ್ಲರೂ ಊರಲ್ಲಿದ್ದಾರಾ’ ಎಂದು ಮಾರುವವರನ್ನು ಕೇಳಿಟ್ಟುಕೊಂಡಿರುತ್ತಾರೆ. ಜಿಪಿಎ ಮೇಲೆ ಮಾರುತ್ತಿದ್ದರೆ ಕೊಟ್ಟವರು ಬದುಕಿದ್ದಾರೆಯೇ, ಅದನ್ನು ರದ್ದು ಮಾಡಿಲ್ಲವೇ ಎಂದು ಖಚಿತಪಡಿಸಿಕೊಳ್ಳಬೇಕು. ಬರೀ ಜಿಪಿಎ ಮತ್ತು ಕರಾರಿನಿಂದ ಆಸ್ತಿಯ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಖಾತೆಯ ವಿಷಯದಲ್ಲಿ ಈಗ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಮುಂದೆ ಹೋಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ಫಾರಂ 9 ಮತ್ತು 11. ಕೈಬರಹದ ಹಳೇ ಖಾತೆ ಹಿಡಿದುಕೊಂಡು ‘ಇ-ಖಾತೆ ಆಗುತ್ತೆ ಬಿಡಿ’ ಎನ್ನುವಲ್ಲಿ, ಆದ ಮೇಲೆಯೇ ದೊಡ್ಡ ಮುಂಗಡ ಎಂದು ನಿಲ್ಲಿ. ಬಿ ಖಾತೆಯ (ನಿಯಮಬದ್ಧ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ ಖಾತೆ) ಮನೆಗೆ ಹಲವು ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಲೋನ್ ಬೇಕಾದ ಗ್ರಾಹಕರಿಗೆ ಅದನ್ನು ಹೇಳದೆ ಬಿ ಖಾತೆ ಮನೆ ತೋರಿಸುವವರು ನಿಮ್ಮ ಭಾನುವಾರಗಳನ್ನು ಹಾಳುಮಾಡುತ್ತಿದ್ದಾರೆ ಅಷ್ಟೆ.

ಏಜೆಂಟರು ಎಷ್ಟೇ ನಂಬಿಕಸ್ಥರಾದರೂ ವಕೀಲರು ಮಾತ್ರ ನೀವೇ ಆರಿಸಿದವರಾಗಿರಲಿ. ವ್ಯವಹಾರ ಮುಗಿದರೆ ಮಾತ್ರ ಏಜೆಂಟರಿಗೆ ಹಣ. ಅವರೇ ಕರೆತಂದ ವಕೀಲರು ‘ಬೇಡ’ ಎಂದು ಹೇಳಬೇಕಾದ ಸಂದರ್ಭದಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತ. ಅವರ ವರದಿ ಸಾಕು ಎಂದುಕೊಳ್ಳಬಾರದು. ಒಳ್ಳೆಯ ಏಜೆಂಟರು ನಿಮ್ಮ ವಕೀಲರ ಪ್ರಶ್ನೆಗಳ ಪಟ್ಟಿ ಬಂದಾಗ ಸಿಡುಕುವುದಿಲ್ಲ, ಪಟ್ಟಿ ಹಿಡಿದು ಮಾರುವವರ ಮನೆಗೆ ಹೋಗುತ್ತಾರೆ.

ಟೋಕನ್. ಇದು 50 ಸಾವಿರವೋ ಒಂದು ಲಕ್ಷವೋ, ಮೊತ್ತ ಮಾತಿಗೆ ಬಿಟ್ಟಿದ್ದು. ಆದರೆ ಹಣ ಹೋಗಬೇಕಾದ್ದು ಮಾಲೀಕರ ಬ್ಯಾಂಕ್ ಖಾತೆಗೆ, ಏಜೆಂಟರ ಖಾತೆಗಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಮುಂಗಡವನ್ನು ನಗದಾಗಿ ಪಡೆದರೆ, ಪಡೆದವರ ಮೇಲೆ ಆದಾಯ ತೆರಿಗೆ ಇಲಾಖೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಮಾರುವವರು ಇದನ್ನು ಕೊಳ್ಳುವವರಿಗಿಂತ ಹೆಚ್ಚು ನೆನಪಿಡಬೇಕು. ರಸೀದಿ ಇಷ್ಟಿದ್ದರೆ ಸಾಕು:

‘ಇಂಥ ಸಂಖ್ಯೆಯ, ಇಷ್ಟು ಅಳತೆಯ ಮನೆಯನ್ನು ಒಟ್ಟು 80 ಲಕ್ಷ ರೂಪಾಯಿಗೆ ಮಾರಲು ಒಪ್ಪಿ, ಇಂದು 1 ಲಕ್ಷ ರೂಪಾಯಿಯನ್ನು ಬ್ಯಾಂಕ್ ವರ್ಗಾವಣೆಯ ಮೂಲಕ ಟೋಕನ್ ಆಗಿ ಪಡೆದಿದ್ದೇನೆ. ಕೊಳ್ಳುವವರ ವಕೀಲರು 15 ದಿನದೊಳಗೆ ದಾಖಲೆಗಳಲ್ಲಿ ದೋಷ ತೋರಿಸಿ, ಅದು 30 ದಿನದೊಳಗೆ ಸರಿಹೋಗದಿದ್ದರೆ, ಪೂರ್ತಿ ಹಣವನ್ನು 7 ದಿನದೊಳಗೆ ವಾಪಸ್ ಕೊಡುತ್ತೇನೆ. ಅಲ್ಲಿಯವರೆಗೆ ಬೇರೆ ಯಾರಿಂದಲೂ ಮುಂಗಡ ಪಡೆಯುವುದಿಲ್ಲ.’

ಎಲ್ಲ ಮಾಲೀಕರ ಸಹಿ, ದಿನಾಂಕ, ಸಾಕ್ಷಿಯಾಗಿ ಏಜೆಂಟರ ಸಹಿ. ‘ವಾಪಸ್’ ಎಂಬ ಸಾಲು ನೋಡಿ ‘ಇದೆಲ್ಲ ಬರೆಸಿಕೊಂಡರೆ ಪಾರ್ಟಿ ಬೇಜಾರು ಮಾಡ್ಕೋತಾರೆ’ ಎಂದು ಅಡ್ಡಿಮಾಡುವ ಏಜೆಂಟರು ಮುಂದೆ ಜಗಳ ಬಂದಾಗ ಯಾವ ಕಡೆ ನಿಲ್ಲುತ್ತಾರೆ ಎಂಬುದು ಆಗಲೇ ಗೊತ್ತಾಗುತ್ತದೆ.

ಕಮಿಷನ್ ಮಾತು ಮನೆ ನೋಡುವ ಮೊದಲೇ ಆಗಬೇಕು. ಮರುಮಾರಾಟದಲ್ಲಿ ಒಂದೊಂದು ಕಡೆಯಿಂದ ಸಾಮಾನ್ಯವಾಗಿ ಶೇ 1ರಿಂದ 2. ಕಾನೂನು ನಿಗದಿಪಡಿಸಿದ ದರವಲ್ಲ, ಚೌಕಾಸಿಗೆ ಅವಕಾಶವಿದೆ. ಜಿಎಸ್‌ಟಿ ನೋಂದಣಿ ಇರುವವರಾದರೆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. 80 ಲಕ್ಷದ ಮನೆಗೆ ಶೇ 1 ಅಂದರೆ 80,000. ಜಿಎಸ್‌ಟಿ ಸೇರಿ 94,400. ಇಬ್ಬರು ಮೂವರು ಏಜೆಂಟರ ಸರಪಳಿ ಇದ್ದರೆ ಅವರು ತಮ್ಮೊಳಗೆ ಹಂಚಿಕೊಳ್ಳಬೇಕೇ ಹೊರತು ನೀವು ಪ್ರತಿಯೊಬ್ಬರಿಗೂ ಕೊಡಬೇಕಿಲ್ಲ. ಇದನ್ನು ವಾಟ್ಸಾಪಿನಲ್ಲಾದರೂ ಬರೆದು ಒಪ್ಪಿಗೆ ಪಡೆಯಿರಿ. ಹಣ ಯಾವಾಗ ಎಂಬುದೂ ಮುಖ್ಯ. ಟೋಕನ್ ದಿನವೇ ಅರ್ಧ ಕೇಳುವವರಿದ್ದಾರೆ, ಕೊಡಬೇಡಿ. ಕ್ರಯಪತ್ರ ರಿಜಿಸ್ಟರ್ ಆದ ದಿನ ಮುಕ್ಕಾಲು ಪಾಲು, ಉಳಿದದ್ದು ಖಾತೆ ಬದಲಾದ ಮೇಲೆ ಎಂಬ ಒಪ್ಪಂದ ಎರಡೂ ಕಡೆಗೆ ನ್ಯಾಯ. ಒಪ್ಪಿದ ಕಮಿಷನ್ನನ್ನು ಕೊನೆಯಲ್ಲಿ ಕಡಿಮೆ ಮಾಡುವುದು ಮಾತ್ರ ಸರಿಯಲ್ಲ. ಮೂರು ತಿಂಗಳು ಓಡಾಡಿದವರ ಹೊಟ್ಟೆಪಾಡು ಅದು.

ಮಾರುವವರು ಏಜೆಂಟರನ್ನು ಆರಿಸುವಾಗ ಬೀಳುವ ಬಲೆಯೇ ಬೇರೆ: ಅತಿ ಹೆಚ್ಚು ಬೆಲೆ ಹೇಳಿದವರಿಗೆ ಮನೆ ಒಪ್ಪಿಸುವುದು. ಮೂವರನ್ನು ಕರೆಸಿ, ಬೆಲೆಯ ಜೊತೆ ಲೆಕ್ಕವನ್ನೂ ಕೇಳಿ. ಸ್ವತಂತ್ರ ಮನೆಗೆ ಲೆಕ್ಕ ಹೀಗಿರುತ್ತದೆ. 30 × 40 ಸೈಟು ಅಂದರೆ 1,200 ಚದರಡಿ; ಆ ರಸ್ತೆಯಲ್ಲಿ ಇತ್ತೀಚೆಗೆ ಚದರಡಿಗೆ 8,000 ನಡೆದಿದೆ ಎಂದಿಟ್ಟುಕೊಂಡರೆ ಜಾಗಕ್ಕೆ 96 ಲಕ್ಷ. ಕಟ್ಟಡ 1,800 ಚದರಡಿ, ಇಂದು ಕಟ್ಟಲು ಚದರಡಿಗೆ 2,000 ಎಂದರೆ 36 ಲಕ್ಷ. ಮನೆಗೆ 15 ವರ್ಷ ಆಗಿದ್ದು ಆಯಸ್ಸು 60 ವರ್ಷ ಎಂದು ಹಿಡಿದರೆ ಕಾಲು ಭಾಗ ಕಳೆದು 27 ಲಕ್ಷ. ಒಟ್ಟು 1 ಕೋಟಿ 23 ಲಕ್ಷ. ಇದರ ಮೇಲೆ ಮೂಲೆ ಸೈಟು, ರಸ್ತೆ ಅಗಲ, ಬಾಡಿಗೆ ಬರುವ ಭಾಗಗಳಿಗೆ ಸ್ವಲ್ಪ ಆಚೀಚೆ. ಈ ಥರ ಬಿಡಿಸಿ ಹೇಳುವವರ ಮಾತು ನಂಬಿ. ಲೆಕ್ಕವಿಲ್ಲದೆ ‘ಒಂದೂ ಅರವತ್ತು ಕೊಡಿಸ್ತೀನಿ’ ಎಂದವರು ಎರಡು ತಿಂಗಳ ಬಳಿಕ ‘ಮಾರ್ಕೆಟ್ ಡೌನ್ ಇದೆ’ ಎನ್ನುತ್ತ ಬರುತ್ತಾರೆ. ಅಷ್ಟರಲ್ಲಿ ಬಡಾವಣೆಯಲ್ಲಿ ‘ಆ ಮನೆಗೆ ಏನೋ ತೊಂದರೆ ಇರಬೇಕು’ ಎಂಬ ಮಾತು ಹರಡಿ, ಬರಬೇಕಾದ ಬೆಲೆಗಿಂತ ಕಡಿಮೆಗೆ ಇಳಿಯಬೇಕಾಗುತ್ತದೆ.

ಒಂದೇ ಮನೆಯನ್ನು ಹತ್ತು ಏಜೆಂಟರಿಗೆ ಹೇಳಿದರೆ ಹತ್ತು ಬೆಲೆಯಲ್ಲಿ ಜಾಹೀರಾತು ಬರುತ್ತದೆ. ಒಬ್ಬರಿಗೆ, 60 ದಿನಕ್ಕೆ, ಬರಹದಲ್ಲಿ ಒಪ್ಪಿಸಿ. ಯಾರು ಬಂದು ನೋಡಿದರು, ಏನಂದರು ಎಂದು ವಾರಕ್ಕೊಮ್ಮೆ ತಿಳಿಸಬೇಕೆಂದು ಷರತ್ತು ಹಾಕಿ. ಮೂಲಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಮೇಲೆ ‘ಪರಿಶೀಲನೆಗೆ ಮಾತ್ರ’ ಎಂದು ಬರೆದು ಸಹಿ ಹಾಕಿ ಕೊಡಿ.

ಕೊನೆಯ ಹಂತದಲ್ಲಿ ಏಜೆಂಟರು ಹಣದ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಇಟ್ಟಿರಬೇಕು. ಮುದ್ರಾಂಕ ಶುಲ್ಕವನ್ನು ಸರ್ಕಾರದ ಮಾರ್ಗಸೂಚಿ ಬೆಲೆ (ಗೈಡೆನ್ಸ್ ವ್ಯಾಲ್ಯೂ), ಒಪ್ಪಿದ ಬೆಲೆ ಎರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ ಹಾಕುತ್ತಾರೆ. ನಗರದಲ್ಲಿ 80 ಲಕ್ಷದ ಮನೆಗೆ ಶೇ 5ರಂತೆ 4 ಲಕ್ಷ, ಅದರ ಮೇಲೆ ಶೇ 10 ಸೆಸ್ 40,000, ಶೇ 2 ಸರ್‌ಚಾರ್ಜ್ 8,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದ್ದರಿಂದ 1,60,000. ಎಲ್ಲ ಸೇರಿ 6,08,000. ಇನ್ನೂ ಹಳೇ ಶೇ 6.6ರ ಲೆಕ್ಕ ಹೇಳುವ ಏಜೆಂಟರು ಇತ್ತೀಚೆಗೆ ರಿಜಿಸ್ಟ್ರೇಷನ್‌ಗೆ ಹೋಗಿಲ್ಲ. ‘ಗೈಡೆನ್ಸ್ ವ್ಯಾಲ್ಯೂಗೆ ಮಾಡಿಸಿ, ಉಳಿದದ್ದು ಕ್ಯಾಶ್’ ಎಂಬ ಸಲಹೆಗೆ ಒಪ್ಪಬೇಡಿ. ಸಾಲ ಸಿಗುವುದು ಪತ್ರದಲ್ಲಿರುವ ಬೆಲೆಗೆ ತಕ್ಕಂತೆ, ನಾಳೆ ನೀವು ಮಾರುವಾಗ ಲಾಭದ ತೆರಿಗೆ ಬೀಳುವುದೂ ಆ ಬೆಲೆಯಿಂದ ಎಣಿಸಿಯೇ.

ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಕರಾರಿನ ದಿನವೇ ಎಲ್ಲ ಮಾಲೀಕರ ಪ್ಯಾನ್ ಪರಿಶೀಲಿಸಬೇಕು. ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಆ ಶೇ 1 ಶೇ 20ಕ್ಕೆ ಏರುತ್ತದೆ. ಮಾರುವವರು ಅನಿವಾಸಿಯಾಗಿದ್ದರೆ ನಿಯಮವೇ ಬೇರೆ, ದರವೂ ಬಹಳ ಹೆಚ್ಚು. ಚಾರ್ಟರ್ಡ್ ಅಕೌಂಟೆಂಟ್ ಇಲ್ಲದೆ ಅಲ್ಲಿ ಹೆಜ್ಜೆ ಇಡಬೇಡಿ.

ರಿಜಿಸ್ಟ್ರೇಷನ್‌ಗೆ ಕರಡು ಕ್ರಯಪತ್ರವನ್ನು ಕಾವೇರಿಯಲ್ಲಿ ಮೊದಲೇ ಹಾಕಿ, ಸಬ್ ರಿಜಿಸ್ಟ್ರಾರ್ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ ಸಮಯ ಕಾದಿರಿಸಬೇಕು. ಹೆಸರಿನ ಕಾಗುಣಿತ ಆಧಾರ್, ಪ್ಯಾನ್, ಖಾತೆ ಮೂರರಲ್ಲೂ ಒಂದೇ ಇದೆಯೇ ಎಂದು ಏಜೆಂಟರು ಹಿಂದಿನ ವಾರವೇ ನೋಡಿರಬೇಕು. ಆ ದಿನ ಇಬ್ಬರು ಸಾಕ್ಷಿಗಳು, ಎಲ್ಲರ ಮೂಲ ಗುರುತಿನ ಚೀಟಿ, ಬ್ಯಾಂಕಿನ ಡಿಡಿ ಹಿಡಿದ ಅಧಿಕಾರಿ, ಎಲ್ಲರೂ ಒಂದೇ ಹೊತ್ತಿಗೆ ಸೇರುವಂತೆ ನೋಡಿಕೊಳ್ಳುವುದು ಅವರದೇ ಕೆಲಸ. ಫೋಟೊ, ಹೆಬ್ಬೆಟ್ಟು ಮುಗಿದ ಮೇಲೆ ಮೂಲಪತ್ರಗಳನ್ನು ಪಟ್ಟಿ ಮಾಡಿ, ಒಂದೊಂದಾಗಿ ಗುರುತು ಹಾಕಿ, ಎರಡೂ ಕಡೆಯ ಸಹಿಯೊಂದಿಗೆ ಹಸ್ತಾಂತರಿಸಬೇಕು. ಬೀಗದ ಕೈ, ಆ ದಿನದ ವಿದ್ಯುತ್ ಮತ್ತು ನೀರಿನ ಮೀಟರ್ ರೀಡಿಂಗ್ ಕೂಡ ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಖಾತೆ ನಿಮ್ಮ ಹೆಸರಿಗೆ ಬದಲಾಗಬೇಕು, ವಿದ್ಯುತ್ ಸಂಪರ್ಕದ ಹೆಸರು ಬದಲಾಗಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು. ಖಾತೆಯ ಪ್ರತಿ ಕೈಗೆ ಬಂದ ದಿನ ಏಜೆಂಟರಿಗೆ ಉಳಿದ ಕಾಲು ಭಾಗ ಕಮಿಷನ್ನನ್ನು ತಡಮಾಡದೆ ಕೊಟ್ಟು ರಸೀದಿ ಪಡೆಯಿರಿ.